ಗೋಪುರ ಸಿದ್ಧ, ಗ್ರಾಹಕ ಎಲ್ಲಿ?

2016ರ ಫೆಬ್ರುವರಿ 25ರಂದು ದೂರದರ್ಶನ ದೇಶದ ಹದಿನಾರು ನಗರಗಳಲ್ಲಿ ಗೋಪುರದ ಮೂಲಕ ಡಿಜಿಟಲ್ ಪ್ರಸಾರ ಆರಂಭಿಸಿತು. ನಾಲ್ಕು ಮಹಾನಗರಗಳ ಜೊತೆಗೆ ಗುವಾಹಟಿ, ಪಟ್ನಾ, ಕಟಕ್, ಇಂದೋರ್‌ನಂಥ ಊರುಗಳಿದ್ದ ಆ ಪಟ್ಟಿಯಲ್ಲಿ ಬೆಂಗಳೂರೂ ಇತ್ತು. ಕೇಬಲ್ಲಿನವನಿಗೆ ತಿಂಗಳ ದುಡ್ಡು ಕೊಡಬೇಕಿಲ್ಲ, ಮಹಡಿಯ ಮೇಲೆ ಡಿಶ್ ಕೂರಿಸಬೇಕಿಲ್ಲ, ಇಂಟರ್ನೆಟ್ಟಿನ ಹಂಗಿಲ್ಲ. ಸಣ್ಣದೊಂದು ಆ್ಯಂಟೆನಾ ಇದ್ದರೆ ದೂರದರ್ಶನದ ಐದು ವಾಹಿನಿಗಳು ಸ್ವಚ್ಛವಾಗಿ ಕಾಣುತ್ತವೆ ಎಂಬುದು ಯೋಜನೆಯ ಭರವಸೆ. ತಂತ್ರಜ್ಞಾನದಲ್ಲಿ ಕೊರತೆ ಇರಲಿಲ್ಲ. ಡಿವಿಬಿ-ಟಿ2 ಎಂಬ ಆ ಮಾನದಂಡ ಬ್ರಿಟನ್ನಿನಂಥ ದೇಶದಲ್ಲಿ ಅಷ್ಟರಲ್ಲಾಗಲೇ ಆರೇಳು ವರ್ಷ ದುಡಿದು ಪಳಗಿತ್ತು. ಆದರೂ ಹೀಗೊಂದು ಸೌಲಭ್ಯ ತಮ್ಮ ಊರಿನ ಗಾಳಿಯಲ್ಲಿ ಹರಿಯುತ್ತಿದೆ ಎಂಬುದು ಬೆಂಗಳೂರಿನ ಬಹುಪಾಲು ಮನೆಗಳಿಗೆ ಗೊತ್ತೇ ಆಗಲಿಲ್ಲ. ಗೊತ್ತಾದವರು ಅಂಗಡಿಗೆ ಹೋದರೆ ಆ ಸಿಗ್ನಲ್ ಹಿಡಿಯುವ ಟಿ.ವಿ. ಯಾವುದು ಎಂದು ಹೇಳಬಲ್ಲ ಮಾರಾಟಗಾರ ಸಿಗುವುದು ಕಷ್ಟವಿತ್ತು. ಕನ್ನಡದ ಹಳೆಯ ವಿಜ್ಞಾನ ಬರಹಗಳಲ್ಲಿ ಸಿಗ್ನಲ್ ಕಳಿಸುವ ಯಂತ್ರಕ್ಕೆ ಪ್ರೇಷಕ, ಹಿಡಿಯುವ ಯಂತ್ರಕ್ಕೆ ಗ್ರಾಹಕ ಎಂದು ಹೆಸರು. ದುಡ್ಡು ಕೊಟ್ಟು ಕೊಳ್ಳುವವನೂ ನಮ್ಮಲ್ಲಿ ಗ್ರಾಹಕನೇ. ಭಾರತದ ಡಿಜಿಟಲ್ ಗೋಪುರಕ್ಕೆ ಈ ಎರಡೂ ಅರ್ಥದ ಗ್ರಾಹಕ ದಕ್ಕಲಿಲ್ಲ. ಇದನ್ನು ಕಾಲ ಸರಿದ ತಂತ್ರಜ್ಞಾನದ ಸಹಜ ಸಾವು ಎಂದು ಬರೆದು ಮುಗಿಸುವುದು ಈಗಿನ ರೂಢಿ. ನನಗೆ ಹಾಗೆ ಕಾಣುವುದಿಲ್ಲ. ಪ್ರಸಾರ ಸೋತದ್ದು ಆಕಾಶದಲ್ಲಲ್ಲ, ಟಿ.ವಿ.ಯ ಬೆನ್ನಿಗಿರುವ ತೂತಿನಲ್ಲಿ. ಗೋಪುರ ಕಟ್ಟುವುದು ಒಬ್ಬರ ಕೆಲಸ, ಸಿಗ್ನಲ್ ಹಿಡಿಯುವ ಟ್ಯೂನರ್ ಟಿ.ವಿ.ಯೊಳಗೆ ಇರುವಂತೆ ನೋಡಿಕೊಳ್ಳುವುದು ಯಾರ ಕೆಲಸವೂ ಅಲ್ಲ ಎಂಬಂತೆ ಯೋಜನೆ ನಡೆಯಿತು.

ವಾದ ನಿಲ್ಲಬೇಕಾದರೆ ಮೊದಲು ಡಿಜಿಟಲ್ ಸಿಗ್ನಲ್ಲಿನ ಸ್ವಭಾವ ಅರ್ಥವಾಗಬೇಕು. ಛಾವಣಿಯ ಮೇಲೆ ಆ್ಯಂಟೆನಾ ತಿರುಗಿಸುವವನೊಬ್ಬ, ಕಿಟಕಿಯಲ್ಲಿ ನಿಂತು ‘ಬಂತು, ಬಂತು... ಹೋಯ್ತು’ ಎಂದು ಕೂಗುವವನೊಬ್ಬ. ಎಂಬತ್ತರ ದಶಕದ ಈ ಚಿತ್ರವನ್ನು ನಾವು ಹಾಸ್ಯಕ್ಕೆ ನೆನೆಯುತ್ತೇವೆ. ಅದರೊಳಗೆ ಅನಲಾಗ್ ಪ್ರಸಾರದ ಭೌತಶಾಸ್ತ್ರವೇ ಅಡಗಿದೆ. ಅನಲಾಗ್ ಸಿಗ್ನಲ್ ಕ್ಷೀಣಿಸಿದಂತೆ ಚಿತ್ರವೂ ಅಷ್ಟಷ್ಟೇ ಕೆಡುತ್ತದೆ. ಮೊದಲು ಪರದೆಯ ಮೇಲೆ ಅಕ್ಕಿ ನುಚ್ಚು ಚೆಲ್ಲಿದ ಹಾಗೆ ಚುಕ್ಕೆ, ಆಮೇಲೆ ಬಣ್ಣ ಮಾಯ, ಕೊನೆಗೆ ಮಂಜಿನೊಳಗಿಂದ ಮಾತಷ್ಟೇ. ಎಷ್ಟು ಕೆಟ್ಟರೂ ರಾಮಾಯಣ ನೋಡುವವರು ನೋಡುತ್ತಿದ್ದರು. ಡಿಜಿಟಲ್ಲಿಗೆ ಈ ದಾಕ್ಷಿಣ್ಯವಿಲ್ಲ. ಚಿತ್ರವನ್ನು ಅಂಕಿಗಳಾಗಿ ಒಡೆದು, ದಾರಿಯಲ್ಲಿ ಕಳೆದುಹೋಗುವ ಅಂಕಿಗಳನ್ನು ಮರಳಿ ಲೆಕ್ಕ ಹಾಕಿಕೊಳ್ಳಲು ಬೇಕಾದ ಹೆಚ್ಚುವರಿ ಅಂಕಿಗಳನ್ನೂ ಸೇರಿಸಿ ಕಳಿಸುತ್ತಾರೆ. ತಪ್ಪುಗಳು ಆ ತಿದ್ದುಪಡಿಯ ಶಕ್ತಿಯೊಳಗೆ ಇರುವವರೆಗೆ ಚಿತ್ರ ಸ್ಟುಡಿಯೋದಲ್ಲಿ ಇದ್ದಂತೆಯೇ ಇರುತ್ತದೆ. ಆ ಗೆರೆ ದಾಟಿತೋ, ಚಿತ್ರ ಚೌಕಚೌಕವಾಗಿ ಒಡೆದು, ಮಾತು ಕತ್ತರಿಸಿ, ಪರದೆ ಕಪ್ಪಾಗುತ್ತದೆ. ಏರಿಳಿತದ ಇಳಿಜಾರು ಇದ್ದಲ್ಲಿ ಈಗ ಪ್ರಪಾತ ಬಂದಿದೆ.

ಪ್ರತಿಯಾಗಿ ಡಿಜಿಟಲ್ ಕೊಡುವುದೂ ಸಣ್ಣದಲ್ಲ. ಕಲೆಯಿಲ್ಲದ ಅನಲಾಗ್ ಚಿತ್ರಕ್ಕೆ ಸಿಗ್ನಲ್ಲಿನ ಶಕ್ತಿ ಹಿನ್ನೆಲೆಯ ಗದ್ದಲಕ್ಕಿಂತ ಹತ್ತು ಸಾವಿರ ಪಟ್ಟಿಗೂ ಮಿಕ್ಕಿರಬೇಕಿತ್ತು. ಡಿಜಿಟಲ್ಲಿಗೆ ನೂರು ಪಟ್ಟಿನ ಆಸುಪಾಸು ಇದ್ದರೆ ನಡೆಯುತ್ತದೆ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಗೋಪುರ ಅನಲಾಗ್ ಕಾಲದಲ್ಲಿ 1,000 ಕಿಲೋವಾಟ್ ಪರಿಣಾಮಿ ಶಕ್ತಿಯಲ್ಲಿ ಪ್ರಸಾರ ಮಾಡುತ್ತಿತ್ತು, ಡಿಜಿಟಲ್ಲಿಗೆ ಬಂದಾಗ 200ಕ್ಕೆ ಇಳಿಯಿತು. ಒಂದು ವಾಹಿನಿ ಹಿಡಿಸುತ್ತಿದ್ದ 8 ಮೆಗಾಹರ್ಟ್ಸ್ ಜಾಗದಲ್ಲಿ ಟಿ2 ಪದ್ಧತಿ ಸೆಕೆಂಡಿಗೆ 40 ಮೆಗಾಬಿಟ್ ತುಂಬುತ್ತದೆ, ಅಂದರೆ ಹಲವು ವಾಹಿನಿ. ಊರು ದಟ್ಟವಾದಷ್ಟೂ ಅನಲಾಗಿಗೆ ಕಾಡುತ್ತಿದ್ದ ರೋಗವೆಂದರೆ ಕಟ್ಟಡಕ್ಕೆ ಬಡಿದು ತಡವಾಗಿ ಬರುವ ಪ್ರತಿಫಲನ. ಪರದೆಯ ಮೇಲೆ ಒಬ್ಬ ವಾರ್ತಾವಾಚಕಿಯ ಪಕ್ಕದಲ್ಲಿ ಮಸುಕಾದ ಇನ್ನೊಬ್ಬಳು. ಟಿ2ರಲ್ಲಿ ಮಾಹಿತಿಯನ್ನು 27 ಸಾವಿರಕ್ಕೂ ಹೆಚ್ಚು ಸಣ್ಣ ವಾಹಕ ತರಂಗಗಳಿಗೆ ಹಂಚಿ, ಪ್ರತಿ ಕಂತಿನ ನಡುವೆ ಚಿಕ್ಕದೊಂದು ಕಾವಲು ಅವಧಿ ಬಿಡಬಹುದು. ಬ್ರಿಟನ್ನಿನಲ್ಲಿ ಆ ಅವಧಿ 28 ಮೈಕ್ರೊಸೆಕೆಂಡ್. ಅಷ್ಟು ಹೊತ್ತಿನಲ್ಲಿ ರೇಡಿಯೊ ತರಂಗ ಸುಮಾರು ಎಂಟೂವರೆ ಕಿಲೋಮೀಟರ್ ಓಡುತ್ತದೆ. ಆದ್ದರಿಂದ ಅಷ್ಟು ದೂರದ ಸುತ್ತು ಹಾಕಿ ಬಂದ ಪ್ರತಿಫಲನವೂ ಚಿತ್ರ ಕೆಡಿಸುವುದಿಲ್ಲ. ಬೆಂಗಳೂರಿನಂತೆ ಎತ್ತರದ ಕಟ್ಟಡಗಳ ಕಾಡಾಗುತ್ತಿರುವ ನಗರಕ್ಕೆ ಇದಕ್ಕಿಂತ ಒಗ್ಗುವ ಪದ್ಧತಿ ಬೇಕೆ?

ಆದರೆ ಭೂಮಿ ದುಂಡಗಿರುವುದನ್ನು ಯಾವ ಅಂಕಿಯೂ ತಿದ್ದಲಾರದು. ಗೋಪುರದ ಎತ್ತರದ ವರ್ಗಮೂಲಕ್ಕೆ ಮನೆಯ ಆ್ಯಂಟೆನಾದ ಎತ್ತರದ ವರ್ಗಮೂಲ ಕೂಡಿಸಿ 4.12ರಿಂದ ಗುಣಿಸಿದರೆ ರೇಡಿಯೊ ತರಂಗದ ದಿಗಂತ ಕಿಲೋಮೀಟರಿನಲ್ಲಿ ಸಿಗುತ್ತದೆ. 150 ಮೀಟರ್ ಗೋಪುರ, 10 ಮೀಟರ್ ಎತ್ತರದ ಆ್ಯಂಟೆನಾ ಎಂದುಕೊಂಡರೆ ಸುಮಾರು 63 ಕಿ.ಮೀ.; ಗೋಪುರ 300 ಮೀಟರ್ ಇದ್ದರೆ 84. ಎತ್ತರ ಇಮ್ಮಡಿಯಾದರೂ ದೂರ ಮೂರನೇ ಒಂದರಷ್ಟೇ ಹೆಚ್ಚಿತು ಎಂಬುದನ್ನು ಗಮನಿಸಿ. ರಾಮೇಶ್ವರದಲ್ಲಿ 323 ಮೀಟರಿನ ಗೋಪುರ ಎದ್ದದ್ದೂ, ಟೋಕಿಯೊ ತನ್ನ 333 ಮೀಟರಿನ ಹಳೆಯ ಗೋಪುರ ಎತ್ತರದ ಕಟ್ಟಡಗಳ ನಡುವೆ ಸಾಲದಾಯಿತೆಂದು 634 ಮೀಟರಿನ ಸ್ಕೈಟ್ರೀ ಕಟ್ಟಿದ್ದೂ ಇದೇ ಲೆಕ್ಕದ ಒತ್ತಾಯದಿಂದ. ಇನ್ನು ಮನೆಯ ಕಡೆಗೆ ಬಂದರೆ ಪ್ರಪಾತದ ಅಂಚಿನಲ್ಲಿರುವವನಿಗೆ ಪ್ರತಿಯೊಂದು ಸಣ್ಣ ಸಂಗತಿಯೂ ದೊಡ್ಡದು. ಕಡಿಮೆ ಆವರ್ತನದ ಹಳೆಯ ವಿಎಚ್‌ಎಫ್ ಪಟ್ಟಿಯ ಆ್ಯಂಟೆನಾದ ಕಡ್ಡಿಗಳು ಮುಕ್ಕಾಲು ಮೀಟರಿಗೂ ಉದ್ದ. ಅದಕ್ಕಿಂತ ಹೆಚ್ಚಿನ ಆವರ್ತನದ ಯುಎಚ್‌ಎಫ್ ಪಟ್ಟಿಯ 500 ಮೆಗಾಹರ್ಟ್ಸ್ ಆಸುಪಾಸಿಗೆ ಒಂದು ಅಡಿಯ ಕಡ್ಡಿ ಬೇಕು. ಒಂದಕ್ಕೆ ಕೊಂಡದ್ದು ಇನ್ನೊಂದಕ್ಕೆ ಸರಿಯಾಗದು. ಕೇಬಲ್ ತುಂಡಿನೊಳಗೆ ನೀರು ಹೊಕ್ಕರೆ, ಗೋಪುರದ ತರಂಗ ಅಡ್ಡಕ್ಕಿದ್ದಾಗ ಆ್ಯಂಟೆನಾ ಉದ್ದಕ್ಕೆ ನಿಂತಿದ್ದರೆ ಸಿಗ್ನಲ್ ಸತ್ತಂತೆಯೇ. ಗೋಪುರದ ಬುಡದಲ್ಲೇ ಮನೆಯಿದ್ದು ಬೂಸ್ಟರ್ ಹಾಕಿದರೆ ಸಿಗ್ನಲ್ ಉಕ್ಕಿ ಟ್ಯೂನರ್ ಕುರುಡಾಗುತ್ತದೆ. ಚಿತ್ರ ಬರದಿದ್ದಾಗ ಇನ್ನೊಂದು ಬೂಸ್ಟರ್ ಸಿಕ್ಕಿಸುವ ನಮ್ಮ ವಾಡಿಕೆ ಇಲ್ಲಿ ತಿರುಗುಬಾಣ. ಅನಲಾಗ್ ಕಾಲದಲ್ಲಿ ಅರೆಬರೆ ಸಿಗ್ನಲ್ಲಿನವನೂ ವೀಕ್ಷಕನೇ ಆಗಿದ್ದ. ಡಿಜಿಟಲ್ಲಿನಲ್ಲಿ ಅರೆ ವೀಕ್ಷಕನಿಲ್ಲ. ಹಾಗಾಗಿ ಗೋಪುರದಿಂದ ಗೋಡೆಯ ತನಕ ಸರಪಳಿಯ ಎಲ್ಲ ಕೊಂಡಿಗಳಿಗೂ ಒಬ್ಬರು ಹೊಣೆ ಹೊರದೆ ಈ ಪ್ರಸಾರ ಬದುಕಲಾರದು.

ಗೆದ್ದ ದೇಶಗಳ ಚರಿತ್ರೆಯಲ್ಲಿ ಇದು ಎದ್ದು ಕಾಣುತ್ತದೆ. ಅಮೆರಿಕ 1962ರಲ್ಲೇ ಮಾರಾಟವಾಗುವ ಪ್ರತಿ ಟಿ.ವಿ.ಯೂ ಯುಎಚ್‌ಎಫ್ ಹಿಡಿಯಬೇಕೆಂದು ಕಾಯ್ದೆ ತಂದಿತ್ತು. ಅಲ್ಲಿಯವರೆಗೆ ಯುಎಚ್‌ಎಫ್ ಕೇಂದ್ರಗಳಿಗೆ ಪ್ರೇಕ್ಷಕರಿಲ್ಲ, ಪ್ರೇಕ್ಷಕರಿಲ್ಲವೆಂದು ತಯಾರಕರು ಟ್ಯೂನರ್ ಹಾಕುತ್ತಿರಲಿಲ್ಲ, ಟ್ಯೂನರ್ ಇಲ್ಲವೆಂದು ಪ್ರೇಕ್ಷಕರಿಲ್ಲ. ಮಾರುಕಟ್ಟೆ ತಾನಾಗಿ ಬಿಡಿಸಿಕೊಳ್ಳಲಾರದ ಗಂಟಿದು ಎಂದು ಅರಿತದ್ದರಿಂದಲೇ 2002ರಲ್ಲಿ ಅಲ್ಲಿನ ಸಂಪರ್ಕ ಆಯೋಗ ಡಿಜಿಟಲ್ ಟ್ಯೂನರನ್ನೂ ಕಡ್ಡಾಯ ಮಾಡಿತು. ದೊಡ್ಡ ಪರದೆಯ ಟಿ.ವಿ.ಗಳಿಂದ ಶುರುವಾಗಿ 2007ರ ಮಾರ್ಚ್ ಹೊತ್ತಿಗೆ ಎಲ್ಲಕ್ಕೂ. ಹಳೆಯ ಟಿ.ವಿ. ಇದ್ದ ಮನೆಗಳಿಗೆ ಪರಿವರ್ತಕ ಪೆಟ್ಟಿಗೆ ಕೊಳ್ಳಲು ತಲಾ 40 ಡಾಲರಿನ ಎರಡು ಕೂಪನ್ ಕೊಟ್ಟು, 2009ರ ಜೂನ್ 12ರಂದು ಅನಲಾಗ್ ನಿಲ್ಲಿಸಿತು. ಬ್ರಿಟನ್ 2007ರಲ್ಲಿ ವೈಟ್‌ಹೇವನ್ ಎಂಬ ಕಡಲತೀರದ ಪುಟ್ಟ ಊರಿನಿಂದ ಆರಂಭಿಸಿ, ಒಂದೊಂದೇ ಪ್ರದೇಶದ ಗೋಪುರ ಬದಲಿಸುತ್ತ 2012ರ ಅಕ್ಟೋಬರಿನಲ್ಲಿ ಉತ್ತರ ಐರ್ಲೆಂಡಿನಲ್ಲಿ ಮುಗಿಸಿತು. 75 ದಾಟಿದವರಿಗೆ, ಅಂಗವಿಕಲರಿಗೆ ಪೆಟ್ಟಿಗೆ ತಂದು ಜೋಡಿಸಿ, ರಿಮೋಟ್ ಹೇಗೆ ಒತ್ತಬೇಕೆಂದು ತೋರಿಸಿಕೊಡುವ ಯೋಜನೆ ಜೊತೆಗಿತ್ತು. ಅದೇ ಬ್ರಿಟನ್ನಿನಲ್ಲಿ 1998ರಲ್ಲಿ ಆರಂಭವಾಗಿದ್ದ ಗೋಪುರ ಪ್ರಸಾರದ ಖಾಸಗಿ ಪಾವತಿ ಟಿ.ವಿ. ಸೇವೆ 2002ರಲ್ಲಿ ದಿವಾಳಿ ಎದ್ದಿತ್ತೆಂಬುದನ್ನೂ ಸೇರಿಸಿ ಓದಬೇಕು. ದುರ್ಬಲ ಶಕ್ತಿಯ ಪ್ರಸಾರ, ತೊಡಕಿನ ಗ್ರಹಣ, ಮೇಲೆ ಚಂದಾ ಹಣ, ಸೋಲದೆ ಇನ್ನೇನು? ಅದೇ ತರಂಗಾಂತರಗಳಲ್ಲಿ ಅದೇ ವರ್ಷ ಶುರುವಾದ ಉಚಿತ ಸೇವೆ ಫ್ರೀವ್ಯೂ ಗೆದ್ದಿತು. ಹೆಚ್ಚು ಗಟ್ಟಿಯಾದ ಸಿಗ್ನಲ್, ಅಗ್ಗದ ಪೆಟ್ಟಿಗೆ, ಚಂದಾ ಇಲ್ಲ. ತಂತ್ರಜ್ಞಾನ ಒಂದೇ ಆಗಿದ್ದು ಫಲ ಬೇರೆಯಾದ ಉದಾಹರಣೆಗೆ ಇದಕ್ಕಿಂತ ಒಳ್ಳೆಯದು ಸಿಗಲಾರದು.

ಈಗ ನಮ್ಮ ನೆಲಕ್ಕೆ ಬರೋಣ. ಗ್ರಾಹಕ ಯಂತ್ರದ ಮಹತ್ವ ಭಾರತಕ್ಕೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ‘ಸೈಟ್’ ಉಪಗ್ರಹ ಪ್ರಯೋಗದಲ್ಲಿ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಕೋಳಿಗೂಡಿನ ಜಾಲರಿಯಂಥ ಬಲೆಯಿಂದ ಮಾಡಿದ ಹತ್ತಡಿಯ ಆ್ಯಂಟೆನಾ ಮತ್ತು ಟಿ.ವಿ.ಯನ್ನು ಸರ್ಕಾರವೇ ಒಯ್ದು ಇರಿಸಿತ್ತು. ಕೆಟ್ಟರೆ ರಿಪೇರಿ ಮಾಡುವ ವ್ಯವಸ್ಥೆಯೂ ಇತ್ತು. ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು ಅದರಲ್ಲಿದ್ದವು. ಬೆಂಗಳೂರು ಟಿ.ವಿ. ಕೇಂದ್ರ ಕಾಣುವ ಮೊದಲೇ ಉತ್ತರ ಕರ್ನಾಟಕದ ಹಳ್ಳಿಯ ಚಾವಡಿಗೆ ಟಿ.ವಿ. ಬಂದದ್ದು ಹೀಗೆ. ಪ್ರಯೋಗ ಮುಗಿದ ಮೇಲೆ ಜನರ ಕೈ ಬಿಡಬಾರದೆಂದು 1977ರಲ್ಲಿ ಗುಲ್ಬರ್ಗದಲ್ಲಿ ಗೋಪುರದ ಪ್ರಸಾರ ಆರಂಭವಾಯಿತು. ಬೆಂಗಳೂರಿಗೆ ಅದು ಬಂದದ್ದು 1981ರಲ್ಲಿ. ಪ್ರಾದೇಶಿಕ ಗೋಪುರ ಏನು ಮಾಡಬಲ್ಲದು ಎಂಬುದಕ್ಕೆ ಸಾಕ್ಷಿ ಗುಜರಾತಿನ ಖೇಡಾ ಜಿಲ್ಲೆಯ ಪಿಜ್ ಎಂಬ ಹಳ್ಳಿ. ಅಲ್ಲಿ ಇಸ್ರೊ ಸಂಸ್ಥೆ ನಿಲ್ಲಿಸಿದ ಒಂದೇ ಕಿಲೋವಾಟಿನ ಪ್ರೇಷಕ ಸುಮಾರು 400 ಹಳ್ಳಿಗಳಿಗೆ ಅವರದೇ ಮಾತಿನಲ್ಲಿ, ಅವರದೇ ಕೂಲಿ, ಹಾಲು, ಜಾತಿಯ ಜಗಳಗಳ ಬಗ್ಗೆ ಕಾರ್ಯಕ್ರಮ ಕೊಟ್ಟಿತು. ಯುನೆಸ್ಕೊದ ಗ್ರಾಮೀಣ ಸಂವಹನ ಪ್ರಶಸ್ತಿಯನ್ನೂ ಪಡೆಯಿತು. 1985ರಲ್ಲಿ ಅದನ್ನು ಮುಚ್ಚಲು ಹೊರಟಾಗ ಜನ ಪ್ರತಿಭಟಿಸಿದರು.

ಅಷ್ಟರಲ್ಲಿ ದೆಹಲಿಯ ಕಲ್ಪನೆ ಬೇರೆಯಾಗಿತ್ತು. 1984ರ ಸುಮಾರಿಗೆ ದಿನಕ್ಕೊಂದರಂತೆ ಕಡಿಮೆ ಶಕ್ತಿಯ ಪ್ರೇಷಕಗಳು ಏಳತೊಡಗಿದವು. ಕೊನೆಗೆ ದೂರದರ್ಶನದ ಪ್ರೇಷಕಗಳ ಸಂಖ್ಯೆ 1,400ರ ಹತ್ತಿರ ಬಂದು ಜನಸಂಖ್ಯೆಯ ಶೇ 90ಕ್ಕೂ ಹೆಚ್ಚು ಭಾಗವನ್ನು ತಲುಪಿತು. ಸಾಧನೆ ಅಸಾಮಾನ್ಯ. ಆದರೆ ಅವುಗಳಲ್ಲಿ ಬಹುಪಾಲು ಉಪಗ್ರಹದಿಂದ ಬಂದದ್ದನ್ನು ಹಾಗೇ ಮರುಪ್ರಸಾರ ಮಾಡುವ ರಿಲೇ ಕೇಂದ್ರಗಳು. ಹದಿನೈದು ಇಪ್ಪತ್ತು ಕಿಲೋಮೀಟರಿನ ವ್ಯಾಪ್ತಿಗೆಂದು ಕಟ್ಟಿದ ಗೋಪುರ ಆ ವ್ಯಾಪ್ತಿಯೊಳಗಿನ ಒಂದು ಸಂಗತಿಯನ್ನೂ ಹೇಳುತ್ತಿರಲಿಲ್ಲ. ಕೃಷಿ ಕಾರ್ಯಕ್ರಮಗಳಿಗೆಂದು 180 ಕಡಿಮೆ ಶಕ್ತಿಯ ಪ್ರೇಷಕಗಳಲ್ಲಿ ಆಯಾ ಪ್ರದೇಶಕ್ಕೆ ಸೀಮಿತವಾದ ಪ್ರಸಾರ ಒಂದಷ್ಟು ಕಾಲ ನಡೆದದ್ದು ಅಪವಾದ. ಗೋಪುರ ತನ್ನ ಊರಿಗೆ ಬೇಕಾಗಲಿಲ್ಲ ಎನ್ನುವವರು, ಊರು ಗೋಪುರಕ್ಕೆ ಎಂದಾದರೂ ಬೇಕಾಗಿತ್ತೇ ಎಂದೂ ಕೇಳಬೇಕು.

ಈ ಹಿನ್ನೆಲೆಯಲ್ಲಿ 2016ರ ಡಿಜಿಟಲ್ ಆರಂಭವನ್ನು ಅದೇ ದಶಕದ ಇನ್ನೊಂದು ಡಿಜಿಟಲ್ ಬದಲಾವಣೆಯ ಪಕ್ಕದಲ್ಲಿಟ್ಟು ನೋಡೋಣ. 2011ರಲ್ಲಿ ಕೇಬಲ್ ಟಿ.ವಿ. ಕಾಯ್ದೆ ತಿದ್ದುಪಡಿಯಾಗಿ, ಕೇಬಲ್ ಪ್ರಸಾರ ಹಂತಹಂತವಾಗಿ ಡಿಜಿಟಲ್ ಆಗುವುದು ಕಡ್ಡಾಯವಾಯಿತು. ಎರಡನೇ ಹಂತದಲ್ಲಿ ಬೆಂಗಳೂರು, ಮೈಸೂರು ಸೇರಿ 38 ನಗರಗಳಿಗೆ 2013ರ ಮಾರ್ಚ್ ಗಡುವು. ಕೊನೆಯ ಹಂತ 2017ರ ಮಾರ್ಚಿಗೆ. ಗಡುವು ಬಂದಾಗ ಗೊಣಗಾಟ, ಕೋರ್ಟು, ಮುಂದೂಡಿಕೆ ಎಲ್ಲ ಆದವು. ಆದರೂ ಕೋಟ್ಯಂತರ ಮನೆಗಳ ಟಿ.ವಿ. ಪಕ್ಕದಲ್ಲಿ ಸೆಟ್ ಟಾಪ್ ಬಾಕ್ಸ್ ಬಂದು ಕೂತಿತು. ಕಾನೂನು ಮನಸ್ಸು ಮಾಡಿದರೆ ಗ್ರಾಹಕ ಯಂತ್ರ ಮನೆಮನೆಗೆ ಹೋಗುತ್ತದೆ ಎಂದಾಯಿತು. ಸಾರ್ವಜನಿಕ ಗೋಪುರದ ವಿಷಯಕ್ಕೆ ಬಂದಾಗ ಆ ಮನಸ್ಸು ಕಾಣಲಿಲ್ಲ. ಟಿ.ವಿ.ಗಳಲ್ಲಿ ಟಿ2 ಟ್ಯೂನರ್ ಕಡ್ಡಾಯವಾಗಲಿಲ್ಲ. ಮೊಬೈಲಿಗೆ ಸಿಕ್ಕಿಸುವ ಡಾಂಗಲ್ ಕೊಳ್ಳಿ ಎಂಬ ಪ್ರಚಾರವಷ್ಟೇ ನಡೆಯಿತು. 2017ರ ಜನವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಖಾಸಗಿಯವರಿಗೂ ಗೋಪುರ ಪ್ರಸಾರದಲ್ಲಿ ಪಾಲು ಕೊಟ್ಟು, 2023ರ ಒಳಗೆ ಹಂತಹಂತವಾಗಿ ಅನಲಾಗ್ ಮುಚ್ಚಿ ಡಿಜಿಟಲ್ಲಿಗೆ ಹೋಗಬೇಕೆಂದು ಶಿಫಾರಸು ಮಾಡಿತು. ಮುಚ್ಚುವ ಅರ್ಧ ಮಾತ್ರ ಚುರುಕಾಗಿ ನಡೆಯಿತು. ಆಯಕಟ್ಟಿನ ಜಾಗಗಳ ಸುಮಾರು 50 ಪ್ರೇಷಕಗಳನ್ನು ಬಿಟ್ಟು ಉಳಿದ ಅನಲಾಗ್ ಗೋಪುರಗಳನ್ನು 2022ರ ಮಾರ್ಚಿನೊಳಗೆ ನಿಲ್ಲಿಸುವುದಾಗಿ ಪ್ರಸಾರ ಭಾರತಿ ಪ್ರಕಟಿಸಿತು. ಅದೇ 2022ರಲ್ಲಿ ಭಾರತೀಯ ಮಾನಕ ಬ್ಯೂರೊ ಒಳಗೇ ಟ್ಯೂನರ್ ಇರುವ ಟಿ.ವಿ.ಗಳಿಗೆಂದು ಐಎಸ್ 18112 ಎಂಬ ಮಾನದಂಡ ರೂಪಿಸಿತು. ಅದು ಕೇಳುವುದು ಉಪಗ್ರಹ ಟ್ಯೂನರನ್ನು. ಅಡುಗೆ ಮಾಡಿ ಎಲೆ ಹಾಕದೆ, ಉಣ್ಣಲು ಯಾರೂ ಬರಲಿಲ್ಲವೆಂದು ಒಲೆ ಆರಿಸಿದ ಹಾಗಾಯಿತು.

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು: ಉಪಗ್ರಹವಿರುವಾಗ ಗೋಪುರ ಯಾಕೆ? 2004ರ ಡಿಸೆಂಬರಿನಲ್ಲಿ ಆರಂಭವಾದ, ಈಗ ಡಿಡಿ ಫ್ರೀ ಡಿಶ್ ಎಂದು ಕರೆಸಿಕೊಳ್ಳುವ ಸೇವೆಗೆ ತಿಂಗಳ ಶುಲ್ಕವಿಲ್ಲ. ಒಮ್ಮೆ ಡಿಶ್, ಬಾಕ್ಸ್ ಕೊಂಡರೆ ಮುಗಿಯಿತು. ಉದ್ಯಮದ ಅಂದಾಜುಗಳ ಪ್ರಕಾರ ಅದು ನಾಲ್ಕು ಕೋಟಿಗೂ ಹೆಚ್ಚು ಮನೆಗಳಲ್ಲಿದೆ. ಒಂದು ಉಪಗ್ರಹ 1,400 ಗೋಪುರಗಳ ಕೆಲಸ ಮಾಡುತ್ತದೆ. ಕಣಿವೆ, ಮರುಭೂಮಿ ಎಂಬ ಭೇದವಿಲ್ಲ. ಈ ಲೆಕ್ಕ ಸರಿಯೇ. ಆದರೆ ಉಪಗ್ರಹದ ಗುಣವೇ ಅದರ ಮಿತಿ. ಅದರ ಬೆಳಕು ಇಡೀ ದೇಶದ ಮೇಲೆ ಬೀಳುತ್ತದೆ, ಬೀದರಿಗೊಂದು ಚಾಮರಾಜನಗರಕ್ಕೊಂದು ಎಂದು ಕತ್ತರಿಸಲು ಬರುವುದಿಲ್ಲ. ಜಾಗ ಸೀಮಿತ, ಖಾಸಗಿ ವಾಹಿನಿಗಳು ಅದನ್ನು ಹರಾಜಿನಲ್ಲಿ ಕೊಳ್ಳುತ್ತವೆ, ಹರಾಜಿನಲ್ಲಿ ದೊಡ್ಡ ಮಾರುಕಟ್ಟೆ ಗೆಲ್ಲುತ್ತದೆ. ಫ್ರೀ ಡಿಶ್‌ನಲ್ಲಿ ಹಿಂದಿ ವಾಹಿನಿಗಳ ದಟ್ಟಣೆಗೆ ಯಾರ ಪಿತೂರಿಯೂ ಬೇಕಿಲ್ಲ, ಈ ಲೆಕ್ಕವೇ ಸಾಕು. ಕನ್ನಡದ ಮನೆಗೆ ಅಲ್ಲಿ ಚಂದನ ಸಿಗುತ್ತದೆ, ಅದರಾಚೆಗಿನ ಆಯ್ಕೆ ತೆಳು. ಗೋಪುರದ ಅರ್ಥಶಾಸ್ತ್ರ ಇದಕ್ಕೆ ತಿರುಗುಮುರುಗು. ಕಲಬುರಗಿ ಗೋಪುರದಲ್ಲಿ ಒಂದು ವಾಹಿನಿಯ ಜಾಗಕ್ಕೆ ಪೈಪೋಟಿ ಕೊಡಬೇಕಾದವರು ಕಲಬುರಗಿಯ ಸುತ್ತಲಿನವರೇ. ಮಳೆಯ ಮಾತೂ ಇದೆ. ಡಿಶ್‌ಗೆ ಬರುವ ತರಂಗದ ಉದ್ದ ಎರಡೂವರೆ ಸೆಂಟಿಮೀಟರಿನಷ್ಟು, ದಟ್ಟ ಮಳೆ ಅದನ್ನು ನುಂಗಿಬಿಡುತ್ತದೆ. ಅರವತ್ತು ಸೆಂಟಿಮೀಟರಿನ ಯುಎಚ್‌ಎಫ್ ತರಂಗಕ್ಕೆ ಮಳೆ ಲೆಕ್ಕಕ್ಕೇ ಇಲ್ಲ. ಆಷಾಢದಲ್ಲಿ ಉಡುಪಿಯ ಮನೆಯೊಂದು ಮಳೆಯ ಮುನ್ಸೂಚನೆ ನೋಡಬೇಕೆಂದಿರುವ ಹೊತ್ತೇ ಡಿಶ್ ಕೈಕೊಡುವ ಹೊತ್ತು.

ಎರಡನೆಯದು ಇಂಟರ್ನೆಟ್ಟಿನ ಆಕ್ಷೇಪ. ಸ್ವಿಟ್ಜರ್ಲೆಂಡಿನ ಸಾರ್ವಜನಿಕ ಪ್ರಸಾರ ಸಂಸ್ಥೆ 2019ರ ಜೂನ್‌ನಲ್ಲಿ ಗೋಪುರ ಪ್ರಸಾರ ನಿಲ್ಲಿಸಿತು, ನೋಡುತ್ತಿದ್ದ ಮನೆಗಳು ಶೇ 2ಕ್ಕಿಂತ ಕಡಿಮೆ ಎಂಬ ಕಾರಣಕ್ಕೆ. ಬ್ರಿಟನ್ನಿನಲ್ಲೂ 2034ರ ನಂತರ ಏನು ಎಂಬ ಚರ್ಚೆ ನಡೆದಿದೆ; ಹೂಡಿಕೆ ಮಾಡಿ ಉಳಿಸುವುದು, ಕೆಲವೇ ವಾಹಿನಿಗಳಿಗೆ ಕುಗ್ಗಿಸುವುದು, ಮುಚ್ಚುವುದು ಎಂಬ ಮೂರು ದಾರಿಗಳನ್ನು ಅಲ್ಲಿನ ನಿಯಂತ್ರಕ ಸಂಸ್ಥೆ 2024ರಲ್ಲಿ ಮುಂದಿಟ್ಟಿದೆ. ಆದರೆ ಅದೇ ಬ್ರಿಟನ್ನಿನಲ್ಲಿ 2021ರ ಆಗಸ್ಟ್ 10ರಂದು ನಾರ್ತ್ ಯಾರ್ಕ್‌ಷೈರ್‌ನ ಬಿಲ್ಸ್‌ಡೇಲ್ ಎಂಬಲ್ಲಿ 314 ಮೀಟರಿನ ಗೋಪುರಕ್ಕೆ ಬೆಂಕಿ ಬಿತ್ತು. ಲಕ್ಷಾಂತರ ಮನೆಗಳ ಟಿ.ವಿ. ಕಪ್ಪಾಯಿತು. 80 ಮೀಟರಿನ ತಾತ್ಕಾಲಿಕ ಗೋಪುರ ನಿಂತು ಪ್ರಸಾರ ಶುರುವಾಗುವ ಹೊತ್ತಿಗೆ ಅಕ್ಟೋಬರ್. ಹೊಸ ಗೋಪುರ ಪೂರ್ಣವಾಗಿ ದುಡಿಯಲು ಹತ್ತಿದ್ದು 2023ರಲ್ಲಿ. ಆ ತಿಂಗಳುಗಳಲ್ಲಿ ಕೇಳಿಬಂದ ದೂರುಗಳಲ್ಲಿ ವೃದ್ಧರ, ಒಂಟಿ ಮನೆಗಳ ದನಿ ದೊಡ್ಡದಿತ್ತು. ಇಂಟರ್ನೆಟ್ ಎಲ್ಲರ ಬಳಿ ಇದೆ ಎಂದು ಸರಾಸರಿ ಹೇಳುವಾಗ ಯಾರು ಬಿಟ್ಟುಹೋಗುತ್ತಾರೆಂದು ಅದರಿಂದ ಗೊತ್ತಾಯಿತು. ಒಂದೇ ಕಂಬ ಸುಟ್ಟರೆ ಇಡೀ ಸೀಮೆ ಕತ್ತಲಾಗುತ್ತದೆ ಎಂಬುದನ್ನೂ ಇದೇ ಘಟನೆ ತೋರಿಸಿತು, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಪ್ರಸಾರಕ್ಕೂ ಇಂಟರ್ನೆಟ್ಟಿಗೂ ಮೂಲದಲ್ಲೇ ಒಂದು ವ್ಯತ್ಯಾಸವಿದೆ. ಗೋಪುರಕ್ಕೆ ಹತ್ತು ಜನ ನೋಡಿದರೂ ಹತ್ತು ಲಕ್ಷ ಜನ ನೋಡಿದರೂ ಹೊರೆ ಒಂದೇ; ಮೊಬೈಲ್ ಜಾಲದಲ್ಲಿ ಪ್ರತಿ ವೀಕ್ಷಕನಿಗೂ ಬೇರೆ ಪ್ರತಿ ಹೋಗುತ್ತದೆ. ನೆರೆ, ಭೂಕುಸಿತದ ದಿನ ಎಲ್ಲರೂ ಒಂದೇ ಕ್ಷಣಕ್ಕೆ ಸುದ್ದಿ ಹುಡುಕುವಾಗ ಜಾಲ ಉಸಿರುಗಟ್ಟುವುದು ಈ ಕಾರಣಕ್ಕೆ. ಡೇಟಾ ಅಗ್ಗವೆಂಬ ವಾದವೂ ಅರ್ಧ ಸತ್ಯ. ಅಗ್ಗವಾದರೂ ಅದು ತಿಂಗಳು ತಿಂಗಳು ಕಟ್ಟುವ ದುಡ್ಡು. ರೀಚಾರ್ಜ್ ಮುಗಿದ ಮನೆಗೆ ಸುದ್ದಿಯೂ ಮುಗಿಯಿತು.

ತರಂಗಾಂತರ ಅಮೂಲ್ಯ, ಅದನ್ನು ಮೊಬೈಲ್ ಕಂಪನಿಗಳಿಗೆ ಮಾರಿದರೆ ಖಜಾನೆಗೆ ಲಾಭ ಎಂಬ ಮೂರನೆಯ ಆಕ್ಷೇಪಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. 700 ಮೆಗಾಹರ್ಟ್ಸ್ ಪಟ್ಟಿ 2016ರ ಹರಾಜಿನಲ್ಲಿ ಒಬ್ಬ ಬಿಡ್‌ದಾರನನ್ನೂ ಕಾಣದೆ, 2022ರಲ್ಲಿ ಮಾರಾಟವಾಗಿ ಮೊಬೈಲ್ ಪಾಲಾಗಿದೆ; ಅದರ ಬಗ್ಗೆ ತಕರಾರಿಲ್ಲ. ಅದೇ 2022ರ ಹರಾಜಿನಲ್ಲಿ 600ರ ಪಟ್ಟಿಯನ್ನೂ ಇಟ್ಟಿದ್ದರು. ಅದಕ್ಕೆ ಒಂದು ಬಿಡ್ಡೂ ಬರಲಿಲ್ಲ. ಅದಕ್ಕೂ ಕೆಳಗಿನ ಪಟ್ಟಿಯನ್ನು ಗೋಪುರಕ್ಕೆ ಇಟ್ಟುಕೊಂಡರೆ ಯಾರ ತಟ್ಟೆಯ ಅನ್ನ ಕಸಿದಂತಾಯಿತು?

ನನ್ನ ವಾದಕ್ಕೆ ನಿಜವಾಗಿ ತೊಡಕಾಗುವುದು ಭೂಗೋಳ. ಬ್ರಿಟನ್ನಿನಲ್ಲಿ 1,100ಕ್ಕೂ ಹೆಚ್ಚು ಪ್ರೇಷಕಗಳಿವೆ. ಅವುಗಳಲ್ಲಿ ದೊಡ್ಡವು ಸುಮಾರು 80. ಅಷ್ಟರಿಂದಲೇ ಶೇ 90ರಷ್ಟು ಮನೆಗಳಿಗೆ ಸಿಗ್ನಲ್ ಸಿಗುತ್ತದೆ. ಉಳಿದ ಸಾವಿರಕ್ಕೂ ಹೆಚ್ಚು ರಿಲೇ ಕೇಂದ್ರಗಳು ದುಡಿಯುವುದು ಕಣಿವೆಗಳಲ್ಲಿ ಅಡಗಿರುವ ಇನ್ನೊಂದು ಶೇ 8ರಷ್ಟು ಮನೆಗಳಿಗಾಗಿ. ಕರ್ನಾಟಕಕ್ಕೆ ಇದನ್ನು ಅನ್ವಯಿಸಿದರೆ ಬಯಲುಸೀಮೆಯೂ ಮಲೆನಾಡೂ ಒಂದೇ ಉತ್ತರಕ್ಕೆ ಒಗ್ಗುವುದಿಲ್ಲ. ಕಲಬುರಗಿ, ವಿಜಯಪುರ, ರಾಯಚೂರಿನ ಚಪ್ಪಟೆ ನೆಲದಲ್ಲಿ ಒಂದು ಎತ್ತರದ ಗೋಪುರ ಜಿಲ್ಲೆಯ ಬಹುಭಾಗವನ್ನು ಮುಟ್ಟುತ್ತದೆ. ಶೃಂಗೇರಿ, ಸೋಮವಾರಪೇಟೆ, ಜೊಯಿಡಾ ಕಡೆಯ ಮಡಿಲುಗಳಲ್ಲಿ ಒಂದು ಗುಡ್ಡ ಅಡ್ಡ ಬಂದರೆ ಹತ್ತು ಕಿಲೋಮೀಟರಿಗೇ ಪ್ರಪಾತ. ಅಲ್ಲಿ ಒಂಟಿ ಮನೆಗಳಿಗೆಂದು ರಿಲೇ ಕಟ್ಟುತ್ತ ಹೋಗುವುದಕ್ಕಿಂತ ಸರ್ಕಾರ ಡಿಶ್ಶನ್ನೇ ಉಚಿತವಾಗಿ ಕೊಡುವುದು ಜಾಣತನ. ಅಂದರೆ ಎಲ್ಲೆಡೆ ಗೋಪುರ ಎಂಬ 1984ರ ಹಟವೂ ಬೇಡ, ಎಲ್ಲೆಡೆ ಉಪಗ್ರಹ ಎಂಬ 2022ರ ಹಟವೂ ಬೇಡ. ಒಂದೇ ಟಿ.ವಿ.ಯಲ್ಲಿ ಎರಡೂ ಟ್ಯೂನರ್ ಇದ್ದರೆ ಯಾವ ಊರಿಗೆ ಯಾವುದು ಎಂಬುದನ್ನು ನೆಲವೇ ತೀರ್ಮಾನಿಸುತ್ತದೆ. ಯುರೋಪಿನ ಅಂಗಡಿಗಳಲ್ಲಿ ಸಿಗುವ ಹೆಚ್ಚಿನ ಟಿ.ವಿ.ಗಳು ಹೀಗೇ ಇವೆ, ಅವುಗಳಲ್ಲಿ ಬಹಳಷ್ಟನ್ನು ತಯಾರಿಸುವವು ನಮ್ಮಲ್ಲಿ ಮಾರುವ ಕಂಪನಿಗಳೇ.

ಗೋಪುರದ ಕಥೆ ಮುಗಿಯಿತು ಎಂದವರಿಗೆ ಅಚ್ಚರಿಯಾಗುವಂತೆ ಅದು ಈಗ ಬೇರೆ ವೇಷದಲ್ಲಿ ಮರಳುತ್ತಿದೆ. ಗೋಪುರದಿಂದ ನೇರವಾಗಿ ಮೊಬೈಲಿಗೆ, ಡೇಟಾ ಇಲ್ಲದೆ, ಟಿ.ವಿ. ಕಳಿಸುವ ಈ ಯೋಜನೆಗೆ ಡಿ2ಎಂ ಎಂದು ಹೆಸರು. ಕಾನ್ಪುರದ ಐಐಟಿ ಜೊತೆ ಪ್ರಸಾರ ಭಾರತಿ ಕೈಜೋಡಿಸಿದೆ, ಎಟಿಎಸ್‌ಸಿ 3.0 ಎಂಬ ಅಮೆರಿಕ ಮೂಲದ ಪದ್ಧತಿ ಆಯ್ಕೆಯಾಗಿದೆ, ಬೇಕಾದ ಚಿಪ್ ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್‌ನದು, ಬೆಂಗಳೂರು ದೆಹಲಿಗಳಲ್ಲಿ ಪ್ರಯೋಗಗಳು ನಡೆದಿವೆ. 2024ರ ಜನವರಿಯಲ್ಲಿ 19 ನಗರಗಳಿಗೆ ಪ್ರಯೋಗ ವಿಸ್ತರಿಸುವ ಮಾತು ಬಂತು. ಚಿಪ್ ನಮ್ಮೂರಿನದೆಂಬ ಹೆಮ್ಮೆ ಸರಿ. ಆದರೆ ಪ್ರಶ್ನೆ ಹಳೆಯದೇ. ದೂರದರ್ಶನ 2007ರಲ್ಲೇ ದೆಹಲಿಯಲ್ಲಿ ಮೊಬೈಲ್ ಟಿ.ವಿ. ಪ್ರಯೋಗ ಮಾಡಿತ್ತು; ಹಿಡಿಯುವ ಫೋನುಗಳಿಲ್ಲದೆ ಅದು ಬತ್ತಿತು. ಜಪಾನಿನಲ್ಲಿ 2006ರಲ್ಲಿ ಶುರುವಾದ ಮೊಬೈಲ್ ಪ್ರಸಾರ ಅಲ್ಲಿನ ದೇಸಿ ಫೋನುಗಳಲ್ಲಿ ಟ್ಯೂನರ್ ಇದ್ದಷ್ಟು ಕಾಲ ಮೆರೆದು, ಐಫೋನು ಟ್ಯೂನರ್ ಇಲ್ಲದೆ ಬಂದು ಮಾರುಕಟ್ಟೆ ಹಿಡಿದಾಗ ಸೊರಗಿತು. ಇಲ್ಲೂ 2023ರಲ್ಲೇ ದೊಡ್ಡ ಫೋನ್ ಮತ್ತು ಚಿಪ್ ಕಂಪನಿಗಳು ತಮ್ಮ ವಿರೋಧ ದಾಖಲಿಸಿವೆ: ಹೆಚ್ಚುವರಿ ಯಂತ್ರಾಂಶದಿಂದ ಫೋನಿನ ಬೆಲೆ ಸುಮಾರು 2,500 ರೂಪಾಯಿ ಏರುತ್ತದೆಂಬುದು ಅವುಗಳ ಲೆಕ್ಕ. ಲೆಕ್ಕದಲ್ಲಿ ಉತ್ಪ್ರೇಕ್ಷೆ ಇರಬಹುದು, ಕೋಟಿಗಟ್ಟಲೆ ತಯಾರಾದಾಗ ಯಾವ ಚಿಪ್ಪೂ ಮೊದಲ ದಿನದ ಬೆಲೆಯಲ್ಲಿ ಉಳಿಯುವುದಿಲ್ಲ. ಆದರೆ ಕಡ್ಡಾಯವಿಲ್ಲದೆ ಆ ಕೋಟಿ ಆಗುವುದಿಲ್ಲ ಎಂಬುದು ಅಮೆರಿಕ 1962ರಲ್ಲಿ ಬಿಡಿಸಿದ ಅದೇ ಗಂಟು. ಎಫ್‌ಎಂ ರೇಡಿಯೊ ಹಿಡಿಯುವ ಸಾಮರ್ಥ್ಯ ಅನೇಕ ಫೋನುಗಳ ಚಿಪ್ಪಿನಲ್ಲಿ ಆಗಲೇ ಇದೆ, ಅದಕ್ಕೆ ಒಂದು ಪೈಸೆಯ ಹೊಸ ಖರ್ಚಿಲ್ಲ. ಆದರೂ ಅದನ್ನು ಬಂದ್ ಮಾಡಿಡಬೇಡಿ ಎಂದು 2023ರಲ್ಲಿ ಕೇಂದ್ರದ ಐಟಿ ಸಚಿವಾಲಯ ತಯಾರಕರಿಗೆ ಬರೆಯಬೇಕಾಯಿತು. ಬರೆದದ್ದು ಸಲಹೆಯ ರೂಪದಲ್ಲಿ.